ಕೋಣೆಯಲ್ಲಿ ಯಾರೂ ಕಂಡುಬಂದಿಲ್ಲ

ನಾನು ಅಂಜುಬುರುಕ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ಮಾಸ್ತರ ಎಂದರೆ ಜನ ಸುಮ್ಮಸುಮ್ಮನೆ ಒಂದಿಷ್ಟು ಧೈರ್ಯವನ್ನು ನಮ್ಮ ತಲೆಗೆ ಕಟ್ಟಿಬಿಡುತ್ತಾರೆ. ಫ್ಯೂಸ್ ಹೋದರೆ ಕರೆಯುತ್ತಾರೆ, ಹಾವು ಕಂಡರೆ ಅದು ವಿಷದ್ದೋ ಅಲ್ಲವೋ ಹತ್ತಿರ ಹೋಗಿ ನೋಡಿ ಹೇಳಿರಿ ಎನ್ನುತ್ತಾರೆ. ನಾನಾದರೋ ಹೈಡ್ರೋಜನ್ ಅನಿಲಕ್ಕೆ ಉರಿಯುವ ಕಡ್ಡಿ ಹಿಡಿದು ‘ಪಟ್’ ಎನ್ನಿಸುವ ಪ್ರಯೋಗವನ್ನು ಇಡೀ ನೌಕರಿಯಲ್ಲಿ ಒಮ್ಮೆಯೂ ಸ್ವಂತ ಕೈಯಿಂದ ಮಾಡಿದವನಲ್ಲ. ವರ್ಗದಲ್ಲಿ ಯಾರು ಹೆಚ್ಚು ಗದ್ದಲ ಮಾಡುತ್ತಿದ್ದರೋ ಅವರ ಕೈಗೆ ಪ್ರನಾಳ ಕೊಟ್ಟು, ಕರಿಹಲಗೆಯ ಹತ್ತಿರ ಹೋಗಿ ನಿಂತು ‘ವೀಕ್ಷಿಸಿರಿ’ ಎನ್ನುತ್ತಿದ್ದೆ. ಕುಕ್ಕರ್ ಸೀಟಿ ಹೊಡೆದರೆ ಅಂಜುತ್ತೇನೆ, ಹೊಡೆಯದಿದ್ದರೆ ಇನ್ನೂ ಹೆಚ್ಚು ಅಂಜುತ್ತೇನೆ. ಮನೆಗೆ ಕೀಲಿ ಹಾಕಿದ ಮೇಲೆ ಅದನ್ನು ಜಗ್ಗಿ ನೋಡುತ್ತೇನೆ. ಜಗ್ಗಿದ್ದರಿಂದ ಸಡಿಲಾಯಿತೇನೋ ಎಂದು ಮತ್ತೊಮ್ಮೆ ಜಗ್ಗುತ್ತೇನೆ. ನನ್ನ ಹೆಂಡತಿ ಕಸ್ತೂರಿ ಮದುವೆಯಾದ ಹೊಸದರಲ್ಲಿ ‘ಇವರು ಭಾಳ ವಿಚಾರ ಮಾಡಿ ನಡೀತಾರ’ ಎಂದು ತವರಿನಲ್ಲಿ ಹೇಳಿಕೊಂಡಿದ್ದಳಂತೆ. ಈಗ ಹಾಗೆ ಹೇಳುವುದನ್ನು ಬಿಟ್ಟಿದ್ದಾಳೆ.

ಇಂಥವನ ಮನೆಗೆ ಹೋದ ಬೇಸಿಗೆಯಲ್ಲಿ ಮೊಮ್ಮಗಳು ಬಂದಳು. ಮಗಳು ಸವಿತಾ ಚೊಚ್ಚಲ ಬಾಣಂತನಕ್ಕೆಂದು ಲೋಕಾಪುರದಿಂದ ಜಮಖಂಡಿಯ ನಮ್ಮ ಮನೆಗೆ ಬಂದಿದ್ದಳು. ದವಾಖಾನೆಯಿಂದ ಕೂಸನ್ನು ಕರೆತಂದ ದಿನ ಬಿಸಿಲು ಹೇಗಿತ್ತೆಂದರೆ ಆಟೋದ ಸೀಟಿನ ಮೇಲೆ ಹಸಿ ಟವೆಲ್ಲು ಹಾಸಿ ಕೂರಬೇಕಾಯಿತು. ಎಳೆಗೂಸು ಎಂದರೆ ನನ್ನಂಥವನಿಗೆ ಅಂಜಿಕೆಗಳ ಒಂದು ಗಂಟೇ ಸರಿ. ಅದರ ಕುತ್ತಿಗೆ ನಿಲ್ಲುವುದಿಲ್ಲ, ನೆತ್ತಿ ಮಿಡಿಯುತ್ತದೆ, ನಿದ್ದೆಯಲ್ಲಿ ಉಸಿರು ಒಂದು ಗಳಿಗೆ ನಿಂತಂತಾಗಿ ಮತ್ತೆ ಶುರುವಾಗುತ್ತದೆ. ಕಸ್ತೂರಿ ‘ಹಿಡೀರಿ, ನಿಮ್ಮ ಮೊಮ್ಮಗಳ’ ಎಂದು ಕೈಗೆ ಕೊಟ್ಟಾಗ ನಾನು ಎಷ್ಟು ಬಿಗಿಯಾಗಿ ನಿಂತೆನೆಂದರೆ, ಕೂಸೇ ನನ್ನ ಮುಖ ನೋಡಿ ಅಂಜಿ ಅತ್ತಿತು. ಆದರೂ ಆ ಅಳು ಕೇಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಳುತ್ತಿದೆ ಎಂದರೆ ಉಸಿರಾಡುತ್ತಿದೆ ಎಂದು ಅರ್ಥವಲ್ಲವೇ.

ನಮ್ಮ ಅವ್ವನಿಗೆ ಮಾತ್ರ ಈ ಯಾವ ಅಂಜಿಕೆಯೂ ಇಲ್ಲ. ಎಂಬತ್ತು ದಾಟಿದ ಜೀವ. ಹುಟ್ಟಿದ್ದು ಬೀರಪ್ಪ ದೇವರಿಗೆ ನಡೆದುಕೊಳ್ಳುವ ಕುರಿಗಾರರ ಮನೆಯಲ್ಲಿ. ಅಡವಿಯಲ್ಲಿ ಕುರಿ ಈದ ಮರಿಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದು ಬದುಕಿಸಿದವಳು. ಅವಳ ಪ್ರಕಾರ ಹೊಸದಾಗಿ ಹುಟ್ಟಿದ ಯಾವ ಜೀವಕ್ಕೇ ಆಗಲಿ, ಮೊದಲು ಬೇಕಾದದ್ದು ಕಾವು. ಆದ್ದರಿಂದ ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಶೆಗಡಿ ಇರಬೇಕು, ಕಿಟಕಿಗೆ ಗೋಣಿತಾಟು ಬಡಿಯಬೇಕು, ಬಾಣಂತಿಯ ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ ಬಿಗಿಯಬೇಕು, ಕೂಸಿನ ತಲೆಗೆ ಕುಂಚಿಗೆ ಕಟ್ಟಬೇಕು, ಸಂಜೆಯಾದೊಡನೆ ಲೋಬಾನದ ಹೊಗೆ ಹಾಕಬೇಕು. ಇದೆಲ್ಲ ಚಳಿಗಾಲಕ್ಕೆ ಸರಿ. ಅವ್ವ ಇದನ್ನು ನಡುಬೇಸಿಗೆಯಲ್ಲಿ ಶುರು ಮಾಡಿದಳು.

“ಆಯೀ, ನನ್ನ ಸುಟ್ಟ ಬದನಿಕಾಯಿ ಮಾಡಬ್ಯಾಡ,” ಎಂದು ಸವಿತಾ ಹೊರಸಿನಿಂದಲೇ ಅಜ್ಜಿಗೆ ಹೇಳಿದಳು.

“ನಿಮ್ಮಪ್ಪನ್ನ ಹಡದಾಗ ನಾ ಎರಡ ಶೆಗಡಿ ಇಡಿಸ್ಕೊಂಡಿದ್ನಿ. ನೋಡು, ಇವತ್ತಿಗೂ ಹೆಂಗ ಅದಾನ,” ಎಂದಳು ಅವ್ವ.

ಎಲ್ಲರೂ ನನ್ನನ್ನು ನೋಡಿದರು. ಸವಿತಾ ಮೇಲಿಂದ ಕೆಳಗಿನತನಕ ನೋಡಿ, “ಅದನ್ನ ನೋಡೇ ನನಗ ಅಂಜಿಕಿ ಬಂದೇತಿ,” ಎಂದಳು.

ಎರಡೇ ದಿನದಲ್ಲಿ ಕೂಸಿನ ಕುತ್ತಿಗೆ, ಬೆನ್ನು ಎಲ್ಲ ಬೆವರುಸಾಲೆಯಿಂದ ಕೆಂಪಗಾದವು. ಡಾಕ್ಟರು ಕೋಣೆಯನ್ನು ತಂಪಾಗಿ ಇಡಿರಿ ಎಂದರು. ಲೋಕಾಪುರದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿರುವ ಅಳಿಯ ಸಂತೋಷ ಹೆಚ್ಚು ಮಾತಿನವನಲ್ಲ. ಸುದ್ದಿ ತಿಳಿದ ಮರುದಿನವೇ ಒಂದು ಟೆಂಪೋದಲ್ಲಿ ಎಸಿಯನ್ನೂ ಅದನ್ನು ಕೂಡಿಸುವವರನ್ನೂ ಒಟ್ಟಿಗೇ ಕಳಿಸಿದ. ಅವ್ವ ಬಾಗಿಲಿಗೆ ಅಡ್ಡ ಕುಳಿತಳು. ದೊಡ್ಡ ಮಾತುಕತೆಯೇ ನಡೆಯಿತು. ಕೊನೆಗೆ ಕಸ್ತೂರಿಯ ಮಧ್ಯಸ್ಥಿಕೆಯಲ್ಲಿ ಒಪ್ಪಂದ ಆಯಿತು: ಎಸಿ ಇಪ್ಪತ್ತೆಂಟರ ಕೆಳಗೆ ಇಳಿಯಬಾರದು, ಗಾಳಿ ನೇರವಾಗಿ ಕೂಸಿನ ಮೇಲೆ ಬೀಳಬಾರದು, ಬಾಣಂತಿ ಎರೆದುಕೊಂಡ ಮೇಲೆ ಮೈ ಕಾಸಲು ಮಾತ್ರ ಶೆಗಡಿ ಒಳಗೆ ಬರಬೇಕು.

“ಎಸಿ ನಡದ್ರ ಐದ ತಿಂಗಳಾ ಇಲ್ಲೇ ಇರ್ತೇನಿ,” ಎಂದಳು ಸವಿತಾ. “ಅದು ನಿಂತ್ರ ಲೋಕಾಪುರಕ್ಕ ಹೋಗಾಕಿನ. ನನ್ನ ಖೋಲ್ಯಾಗ ಅಲ್ಲೂ ಎಸಿ ಐತಿ.”

“ಅದು ನಿಂತ್ರ ನನ್ನ ಶೆಗಡಿ ಒಳಗ ಬರತೈತಿ,” ಎಂದಳು ಅವ್ವ.

ಇಬ್ಬರೂ ತಮ್ಮ ತಮ್ಮ ಮಾತು ಹೇಳಿ ನನ್ನ ಕಡೆ ನೋಡಿದರು, ಎಸಿ ಏನೋ ನನ್ನ ವರ್ಗದ ವಿದ್ಯಾರ್ಥಿ ಎಂಬಂತೆ. ಅಂದಿನಿಂದ ಅದು ನಿಲ್ಲದ ಹಾಗೆ ನೋಡಿಕೊಳ್ಳುವ ಹೊಣೆ ನನ್ನದಾಯಿತು. ಕೂಸು ಐದು ತಿಂಗಳು ನಮ್ಮ ಮನೆಯಲ್ಲಿ ಇರುವುದೂ ಇಲ್ಲದಿರುವುದೂ ಗೋಡೆಯ ಮೇಲಿನ ಆ ಬಿಳಿ ಪೆಟ್ಟಿಗೆಯ ಮೇಲೆ ನಿಂತಿತು. ನನಗಂತೂ ಕೂಸು ಇರಬೇಕಾಗಿತ್ತು. ಎತ್ತಿಕೊಳ್ಳಲು ಅಂಜುತ್ತಿದ್ದೆ ನಿಜ, ಆದರೆ ಪಡಸಾಲೆಯಲ್ಲಿ ಕುಳಿತು ಅದರ ಅಳು ಕೇಳಿಸಿಕೊಳ್ಳುವುದು ಅಷ್ಟರಲ್ಲೇ ನನಗೆ ಚಟವಾಗಿತ್ತು.

ಹೊಸ ಸಾಮಾನು ಮನೆಗೆ ಬಂದರೆ ಪೂಜೆ ಆಗಲೇಬೇಕು. ಸೈಕಲ್ಲಿನಿಂದ ಹಿಡಿದು ಫ್ರಿಜ್ಜಿನತನಕ ನಮ್ಮಲ್ಲಿ ಎಲ್ಲವೂ ಬೀರಪ್ಪನ ಭಂಡಾರದ ಅರಿಷಿಣ ಹಚ್ಚಿಸಿಕೊಂಡೇ ಕೆಲಸಕ್ಕೆ ಹತ್ತಿವೆ. ಎಸಿಗೂ ಭಂಡಾರ ಹಚ್ಚಿ ಕಾಯಿ ಒಡೆದದ್ದಾಯಿತು. ಅಷ್ಟಕ್ಕೇ ಮುಗಿಯುತ್ತಿತ್ತು, ಆದರೆ ಅಂದು ಸಂಜೆ ಚಿಮ್ಮಡದಿಂದ ನಮ್ಮ ಚಿಗವ್ವ, ಎಂದರೆ ಅವ್ವನ ತಂಗಿ, ಬಾಣಂತಿಯನ್ನು ನೋಡಲು ಬಂದಳು. ಬಂದವಳು ಕೋಣೆಗೆ ಕಾಲಿಟ್ಟ ಕೂಡಲೇ ಕೂಸನ್ನು ನೋಡದೆ ಎಸಿಯನ್ನೇ ನೋಡುತ್ತ ನಿಂತಳು. “ಎಷ್ಟ ಛಂದ ಐತಲೇ ಅಕ್ಕಾ, ಹಾಲ ಬೆಳ್ಳಗ,” ಎಂದಳು. ಅವ್ವನ ಮುಖ ಬದಲಾಯಿತು. ಚಿಗವ್ವ ಬಸ್ಸು ಹತ್ತುವುದನ್ನೇ ಕಾಯುತ್ತಿದ್ದವಳಂತೆ ನನ್ನನ್ನು ಕರೆದು, “ಲೇ ಬಸು, ಇದಕ್ಕ ನೆದರ ಆಗತೈತಿ. ಕಾಡಗಿ ಬೊಟ್ಟ ಇಡು,” ಎಂದಳು.

“ಅವ್ವಾ, ಮಷೀನಕ್ಕ ಎಲ್ಲಿ ನೆದರ?” ಎಂದೆ. ಕೆಟ್ಟ ಕಣ್ಣು, ನೆದರು ಇವೆಲ್ಲ ಮೂಢನಂಬಿಕೆಗಳೆಂದು ಎಷ್ಟೋ ವರ್ಷ ಮಕ್ಕಳಿಗೆ ಹೇಳಿದ ಬಾಯಿ ಇದು.

“ಅದರ ಕೆಳಗ ಕೂಸ ಮಲಗೇತಿ,” ಎಂದಳು ಅವ್ವ.

ಅಲ್ಲಿಗೆ ನನ್ನ ವಿಜ್ಞಾನ ಮುಗಿಯಿತು. ಸ್ಟೂಲು ತಂದೆ. ಆದರೆ ನನಗೆ ಇನ್ನೊಂದು ಅಂಜಿಕೆ ಇತ್ತು, ನಾಚಿಕೆ ಎಂದರೂ ಆದೀತು. ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ ಮನೆಗೆ ಬರುತ್ತಾರೆ. ವಿಜ್ಞಾನದ ಮಾಸ್ತರ ಎಸಿಗೆ ನೆದರಿನ ಬೊಟ್ಟು ಇಟ್ಟಿದ್ದಾರೆ ಎಂದು ಊರೆಲ್ಲ ಸುದ್ದಿಯಾಗಲು ಎಷ್ಟು ಹೊತ್ತು? ಹಾಗಾಗಿ ಆ ಬೆಳ್ಳನೆಯ ಮೈಯಲ್ಲಿ ಕಾಡಿಗೆ ಎದ್ದು ಕಾಣದಂಥ ಜಾಗವನ್ನು ಹುಡುಕಿ, ಒಂದು ಮೂಲೆಯಲ್ಲಿ ಬೊಟ್ಟು ಇಟ್ಟೆ. “ದಪ್ಪಗ ಇಟ್ಟೀ?” ಎಂದು ಅವ್ವ ಕೆಳಗಿನಿಂದ ಕೇಳಿದಳು. ದಪ್ಪಗೆ ಇಟ್ಟಿದ್ದೇನೆ ಎಂದೆ. ಅವಳ ಮಂಜುಗಣ್ಣಿಗೆ ಅದು ಕಾಣದಿದ್ದರೂ ನನ್ನ ಮಾತಿನ ಮೇಲೆ ನಂಬಿಕೆ ಇತ್ತು.

ಎಸಿಯನ್ನು ನಡೆಸುವ ಆ್ಯಪನ್ನು, ಕೂಸನ್ನು ನೋಡಲು ಬಂದ ಅಳಿಯ ನನ್ನ ಮೊಬೈಲಿನಲ್ಲೇ ಹಾಕಿಕೊಟ್ಟ. ಬಾಣಂತಿ ಮೊಬೈಲ್ ನೋಡಿದರೆ ಕಣ್ಣು ಹೋಗುತ್ತವೆ ಎಂದು ಅವ್ವ ಸವಿತಾಳ ಮೊಬೈಲನ್ನು ತನ್ನ ಟ್ರಂಕಿನಲ್ಲಿ ಇಟ್ಟು ಕೀಲಿ ಹಾಕಿದ್ದಳು. “ಮಾಮಾ, ಇದು ಭಾಳ ಶಾಣ್ಯಾ ಎಸಿ ಐತ್ರಿ. ಎಲ್ಲಾ ತಾನಾ ತಿಳಕೊಂಡು ಕರೆಂಟ್ ಉಳಸತೈತಿ. ನೀವೇನೂ ಮಾಡೂದು ಬ್ಯಾಡ್ರಿ,” ಎಂದ ಸಂತೋಷ. ನನಗೆ ಅಂಜಿಕೆ ಶುರುವಾದದ್ದೇ ಅಲ್ಲಿ. ಶಾಣ್ಯಾ ಹುಡುಗರ ಅನುಭವ ನನಗೆ ಚೆನ್ನಾಗಿ ಇದೆ. ದಡ್ಡ ಹುಡುಗ ನೀವು ಹೇಳಿದ್ದನ್ನು ಮಾಡುತ್ತಾನೆ, ಇಲ್ಲವೇ ಮಾಡುವುದಿಲ್ಲ. ಶಾಣ್ಯಾ ಹುಡುಗ ನೀವು ಏನು ಹೇಳಬೇಕಾಗಿತ್ತು ಎಂದು ತಾನೇ ನಿರ್ಧರಿಸಿ ಅದನ್ನು ಮಾಡುತ್ತಾನೆ.

ಹಾಗೆಯೇ ಆಯಿತು. ಎಸಿ ಹಚ್ಚಿದರೆ ಸ್ವಲ್ಪ ಹೊತ್ತು ಚೆನ್ನಾಗಿ ತಂಪು ಬರುವುದು. ತಾಯಿ, ಕೂಸು ಇಬ್ಬರೂ ನಿದ್ದೆ ಹೋಗುವರು. ಆಮೇಲೆ ಎಸಿಯ ಸದ್ದು ಸಣ್ಣಗಾಗುವುದು, ಗಾಳಿ ನಿಲ್ಲುವುದು, ಅದರ ಮೈಮೇಲೆ ಒಂದು ಹಸಿರು ಎಲೆ ಮೂಡುವುದು. ಅಷ್ಟರಲ್ಲಿ ಕೋಣೆ ಕಾದು ಕೂಸು ಚೀರುತ್ತ ಏಳುವುದು. ರಿಮೋಟು ಒತ್ತಿದರೆ ‘ಟಿಂಯ್’ ಎಂದು ಮತ್ತೆ ಶುರುವಾಗುತ್ತಿತ್ತು, ಆದರೆ ಆ ‘ಟಿಂಯ್’ಗೆ ಆಗತಾನೇ ಮಲಗಿದ ಕೂಸು ಮತ್ತೆ ಏಳುವುದು. ಅವ್ವ ಆ ಎಲೆಯನ್ನು ಕಂಡು, “ಇದೇನ್ಲೇ, ವೀಳ್ಯದೆಲಿ ಹಾಕ್ಕೊಂಡ ಕುಂತೇತಿ?” ಎಂದಳು. ಊಟವಾದ ಮೇಲೆ ಎಲೆಯಡಿಕೆ ಹಾಕಿಕೊಂಡು ಒರಗಿದ ನೆಂಟನಂತೆಯೇ ಅದು ಗೋಡೆಯ ಮೇಲೆ ಆರಾಮಾಗಿ ಇತ್ತು.

ಆ ಎಲೆಯನ್ನು ತೆಗೆಯಲು ನಾನು ಮೊಬೈಲಿನೊಳಗೆ ಇಳಿದೆ. ಬಾವಿಯಲ್ಲಿ ಇಳಿದವರು ಮೇಲಿನ ಬೆಳಕನ್ನು ನೋಡಿಕೊಳ್ಳುತ್ತಾರಲ್ಲ, ಹಾಗೆ ಒಂದೊಂದು ಹೆಜ್ಜೆಗೂ ಹಿಂದಕ್ಕೆ ಬರುವ ಬಾಣದ ಗುರುತು ಎಲ್ಲಿದೆ ಎಂದು ನೋಡಿಕೊಳ್ಳುತ್ತ ಹೋದೆ. ಒಳಗೆ ‘ಉಳಿತಾಯ’ ಎಂದು ಒಂದು ಇತ್ತು. ಅದರೊಳಗೆ ‘ಜಾಣ ಉಳಿತಾಯ’, ಅದರೊಳಗೆ ‘ಸ್ವಯಂ ಕಲಿಕೆ’, ಅದರ ಕೆಳಗೆ ‘ಇರುವಿಕೆ ಪತ್ತೆ’. ಒಂದನ್ನು ಬಂದ್ ಮಾಡಹೋದರೆ ‘ನೀವು ಖಚಿತವಾಗಿದ್ದೀರಾ?’ ಎಂದು ಕೇಳುತ್ತಿತ್ತು. ಹುಟ್ಟಿದಾರಭ್ಯ ಯಾವುದರ ಬಗ್ಗೆಯೂ ಖಚಿತವಾಗಿಲ್ಲದ ಮನುಷ್ಯನಿಗೆ ಕೇಳುವ ಪ್ರಶ್ನೆಯೇ ಇದು? ಬೆವರುತ್ತ ‘ಹೌದು’ ಒತ್ತಿದರೆ, ‘ಇದರಿಂದ ವಿದ್ಯುತ್ ಪೋಲಾಗಬಹುದು. ಭೂಮಿಯನ್ನು ಉಳಿಸಲು ನೆರವಾಗಿ’ ಎಂದು ಮತ್ತೊಂದು. ವಿದ್ಯುತ್ ಉಳಿತಾಯದ ಪಾಠವನ್ನು ನಾನೇ ಕಲಿಸಿದ್ದೇನೆ, ಮಕ್ಕಳಿಂದ ಚಿತ್ರ ಬರೆಸಿ ಶಾಲೆಯ ಗೋಡೆಗೆ ಅಂಟಿಸಿದ್ದೇನೆ. ಅಲ್ಲಿಯವರೆಗೆ ಅವ್ವನಿಗೂ ಮಗಳಿಗೂ ಮಾತ್ರ ಅಂಜುತ್ತಿದ್ದವನು ಈಗ ಭೂಮಿಗೂ ಅಂಜುತ್ತ, ಮನಸ್ಸಿನಲ್ಲೇ ಕ್ಷಮೆ ಕೇಳಿ ಎಲ್ಲವನ್ನೂ ಬಂದ್ ಮಾಡಿದೆ. ಎಲೆ ಮಾಯವಾಯಿತು. ಗೆದ್ದೆ ಎಂದುಕೊಂಡು ಹೊರಗೆ ಬಂದು ಒಂದು ಕಪ್ಪು ಚಹಾ ಕುಡಿದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಬೇಸಿಗೆಯಲ್ಲಿ ನಮ್ಮ ಕಡೆ ಅದು ಹೋಗುವುದು ಬರುವುದು ಇದ್ದದ್ದೇ. ತಿರುಗಿ ಬಂದಾಗ ಎಸಿ ತನ್ನ ಹಳೆಯ ಜ್ಞಾನವನ್ನೆಲ್ಲ ನೆನಪಿಸಿಕೊಂಡು, ನನ್ನದನ್ನೆಲ್ಲ ಮರೆತು, ಎಲೆ ಸಮೇತ ಎದ್ದಿತು.

ಹೀಗೆ ಕರೆಂಟ್ ಹೋಗಿ ಬಂದಾಗಲೆಲ್ಲ ನಾನು ಬಾವಿಗೆ ಇಳಿಯುವುದು, ಒಂದೊಂದನ್ನೇ ಬಂದ್ ಮಾಡಿ ಮೇಲೆ ಬರುವುದು ನಡೆಯಿತು. ಅದಾದರೂ ಹೇಗೋ ನಡೆದೀತು. ನನ್ನ ಎದೆ ಒಡೆಸಿದ್ದು ಬೇರೆಯೇ. ಒಂದು ದಿನ ಬಾಣಂತಿಗೆ ಸಬ್ಬಸಗಿ ಪಲ್ಲೆ ತರಲೆಂದು ಮಾರುಕಟ್ಟೆಗೆ ಹೋಗಿದ್ದೆ. ಬಿಸಿಲು ನೆತ್ತಿಗೆ ಬಂದಿತ್ತು. ಸಿವುಡು ಆರಿಸುತ್ತಿರುವಾಗ ಕಿಸೆಯಲ್ಲಿ ಮೊಬೈಲು ಸದ್ದು ಮಾಡಿತು. ತೆಗೆದು ನೋಡಿದರೆ ಹೀಗಿತ್ತು: ‘ಕೋಣೆಯಲ್ಲಿ ಯಾರೂ ಕಂಡುಬಂದಿಲ್ಲ. ಉಳಿತಾಯ ಆರಂಭಿಸಲಾಗಿದೆ.’

ಮತ್ತೊಮ್ಮೆ ಓದಿದೆ. ಕೋಣೆಯಲ್ಲಿ ಮಗಳಿದ್ದಾಳೆ, ಕೂಸಿದೆ. ನಾನೇ ನೋಡಿ ಬಂದಿದ್ದೆ. ಯಾರೂ ಇಲ್ಲವೆಂದರೆ ಏನು? ಎಲ್ಲಿಗೆ ಹೋದರು? ‘ಕಂಡುಬಂದಿಲ್ಲ’ ಎಂಬ ಮಾತನ್ನು ನಾನು ಪೇಪರಿನಲ್ಲಿ ಓದಿದ್ದು ಕಳೆದುಹೋದವರ ಸುದ್ದಿಯಲ್ಲಿ ಮಾತ್ರ. ದವಾಖಾನೆಗೆ ಒಯ್ದರೇ? ಸವಿತಾ ಹೇಳದೆ ಕೇಳದೆ ಲೋಕಾಪುರಕ್ಕೆ ಹೊರಟುಬಿಟ್ಟಳೇ? ಕಸ್ತೂರಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಪಲ್ಲೆಯನ್ನು ಅಲ್ಲೇ ಬಿಟ್ಟು ಆಟೋ ಹತ್ತಿದೆ. “ಯಾಕ್ರಿ ಸರ, ಮನ್ಯಾಗ ಏನರ ಆಗೇತೇನ್ರಿ?” ಎಂದು ಆಟೋದವನು ಕೇಳಿದ. “ಲಗೂನ ನಡಿ,” ಎಂದೆ. ದಾರಿಯುದ್ದಕ್ಕೂ ಬೀರಪ್ಪನಿಗೆ ಏನೇನು ಹರಕೆ ಹೊತ್ತೆನೋ ನೆನಪಿಲ್ಲ. ಒಂದು ಕಂಬಳಿಯಂತೂ ಕೊಡಬೇಕಾಗಿದೆ.

ಮನೆಗೆ ಬಂದರೆ ಬಾಣಂತಿಯ ಕೋಣೆಯ ಬಾಗಿಲು ಮುಚ್ಚಿತ್ತು. ಗಂಡಸು ನೇರವಾಗಿ ಒಳಗೆ ನುಗ್ಗುವಂತಿಲ್ಲ. ಹೊರಗೆ ನಿಂತು ಊರಿಗೆಲ್ಲ ಕೇಳುವಂತೆ “ಕಸ್ತೂರೀ” ಎಂದು ಕೂಗಿದೆ. ಒಳಗಿನಿಂದ ಮೊದಲು ಕೂಸಿನ ಚೀರಾಟ ಬಂತು, ಆಮೇಲೆ ಸವಿತಾ, ಆಮೇಲೆ ಕೈಯಲ್ಲಿ ಎಣ್ಣೆಬಟ್ಟಲು ಹಿಡಿದ ಕಸ್ತೂರಿ.

“ಈಗರೆ ಕಣ್ಣ ಮುಚ್ಚಿತ್ತು. ಏನಾಗೇತಿ ನಿಮಗ?” ಎಂದಳು ಕಸ್ತೂರಿ.

“ಎಲ್ಲಾರೂ ಅದೀರಿ?” ಎಂದೆ.

“ಎಲ್ಲಿ ಹೋಗೂನು? ಪಲ್ಲೆ ಎಲ್ಲಿ?”

ನಾನು ಗೋಡೆಗೆ ಒರಗಿ ಅಲ್ಲೇ ಕುಳಿತುಬಿಟ್ಟೆ. ಕೂಸು ಗಂಟಲು ಹರಿಯುವಂತೆ ಅಳುತ್ತಿತ್ತು. ಅಷ್ಟು ಇಂಪಾದ ಸ್ವರವನ್ನು ನಾನು ಯಾವ ಸಂಗೀತ ಕಛೇರಿಯಲ್ಲೂ ಕೇಳಿಲ್ಲ.

ಮೊಬೈಲಿನಲ್ಲಿ ಏನು ಬಂದಿತ್ತೆಂದು ಅವ್ವ ಕೇಳಿದಳು. ಅದನ್ನು ಇದ್ದಂತೆ ಹೇಳುವಂತಿರಲಿಲ್ಲ. ನಮ್ಮ ಮನೆಯ ಮಾತಿನ ರೀತಿಯೇ ಬೇರೆ. ಬಳೆ ಒಡೆದರೆ ಒಡೆಯಿತು ಎನ್ನುವುದಿಲ್ಲ, ಹೆಚ್ಚಿತು ಎನ್ನುತ್ತೇವೆ. ದೀಪ ಆರಿಸು ಎನ್ನುವುದಿಲ್ಲ, ದೊಡ್ಡದು ಮಾಡು ಎನ್ನುತ್ತೇವೆ. ಹೊರಟವರು ಹೋಗುತ್ತೇನೆ ಎನ್ನುವುದಿಲ್ಲ. ಇಂಥ ಮನೆಯಲ್ಲಿ, ಅದೂ ತೊಟ್ಟಿಲು ಕಟ್ಟಿದ ಕೋಣೆಯ ನೆತ್ತಿಯ ಮೇಲೆ ಕುಳಿತು, ಯಾರೂ ಇಲ್ಲ ಯಾರೂ ಇಲ್ಲ ಎಂದು ದಿನಾಲು ಹೇಳುವ ಒಂದು ವಸ್ತು. ಮೂಢನಂಬಿಕೆ ಎನ್ನಿರಿ, ಏನಾದರೂ ಎನ್ನಿರಿ, ನನಗೆ ಅದರ ಬಾಯಿ ಮುಚ್ಚಿಸದೆ ಊಟ ಸೇರದಂತಾಯಿತು. “ಏನಿಲ್ಲವ್ವಾ, ಎಲ್ಲಾರೂ ಆರಾಮ ಅದಾರ ಅಂತ ಬಂದೇತಿ,” ಎಂದೆ. “ಅದಕ್ಕ ಹಿಂಗ ಓಡಿ ಬಂದ್ಯಾ?” ಎಂದಳು ಅವ್ವ.

ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಒಬ್ಬ ಹುಡುಗಿ, ಬಹಳ ವಿನಯದ ದನಿ. “ಸರ್, ಕೋಣೆಯಲ್ಲಿ ಈಗ ಯಾರಾದರೂ ಇದ್ದಾರಾ?” ಎಂದಳು.

“ಮಗಳು, ಮೊಮ್ಮಗಳು ಅದಾರವಾ.”

“ಅವರು ಅಲುಗಾಡುತ್ತಿದ್ದಾರಾ ಸರ್?”

ಕೇಳುವ ಪ್ರಶ್ನೆಯೇ ಇದು? ಬಾಗಿಲ ಸಂದಿಯಿಂದ ಇಣುಕಿ ನೋಡಿ, ಕೂಸಿನ ಹೊಟ್ಟೆ ಉಸಿರಿಗೆ ಸರಿಯಾಗಿ ಏರಿಳಿಯುವುದನ್ನು ಕಂಡು, “ಮಲಗ್ಯಾರವಾ,” ಎಂದೆ.

“ಅಲುಗಾಡದಿದ್ದರೆ ಅದಕ್ಕೆ ಗೊತ್ತಾಗಲಿಕ್ಕಿಲ್ಲ ಸರ್. ಆಗಾಗ ಯಾರಾದರೂ ಎಸಿ ಮುಂದೆ ನಿಂತು ಕೈ ಬೀಸಿ ನೋಡಿ,” ಎಂದಳು.

ಅಂದಿನಿಂದ ಕೈ ಬೀಸುವುದು ನನ್ನ ನಿತ್ಯದ ಕೆಲಸವಾಯಿತು. ಬಾಗಿಲು ತಟ್ಟಿ, ಕಸ್ತೂರಿ ಹೂಂ ಎಂದ ಮೇಲೆ ಒಳಗೆ ಹೋಗಿ, ಎಸಿಯ ಎದುರಿಗೆ ನಿಂತು ಎರಡೂ ಕೈಗಳನ್ನು ಬೀಸುತ್ತಿದ್ದೆ. ಕೂಡುರಸ್ತೆಯ ಫಾಟಾದಲ್ಲಿ ನಿಂತು ಬಸ್ಸಿಗೆ ಕೈ ಮಾಡುತ್ತಾರಲ್ಲ, ಹಾಗೆ. ಬಸ್ಸು ನಿಲ್ಲಲಿಲ್ಲ. ಟವೆಲ್ಲು ಬೀಸಿದೆ, ಕೊಡೆ ಬಿಚ್ಚಿ ತಿರುಗಿಸಿದೆ. ಸವಿತಾ ನಗುತ್ತ ನಗುತ್ತ ಹೊಲಿಗೆ ನೋಯುತ್ತದೆ, ಹೊರಗೆ ಹೋಗಿರಿ ಎಂದು ಬೇಡಿಕೊಂಡಳು. ಅಷ್ಟಾದರೂ ಮೊಬೈಲಿನಲ್ಲಿ ಅದೇ ಮಾತು: ಕೋಣೆಯಲ್ಲಿ ಯಾರೂ ಕಂಡುಬಂದಿಲ್ಲ. ಆಗ ಹೊಸದೊಂದು ಅಂಜಿಕೆ ನನ್ನನ್ನು ಹಿಡಿಯಿತು. ಮಗಳು, ಮೊಮ್ಮಗಳು ಮಲಗಿದ್ದಕ್ಕೆ ಕಾಣಲಿಲ್ಲ ಸರಿ. ಅದರ ಮುಖದ ಮುಂದೆ ಕುಣಿಯುತ್ತಿರುವ ನಾನೂ ಕಾಣುವುದಿಲ್ಲವೆಂದರೆ, ನಾನು ಇದ್ದೇನೆಯೇ? ನಿವೃತ್ತರಿಗೆ ಈ ಸಂಶಯ ಮೊದಲೇ ಸ್ವಲ್ಪ ಇರುತ್ತದೆ. ಹೊರಗೆ ಬಂದು ನಾಡಿ ಹಿಡಿದು ನೋಡಿಕೊಂಡೆ.

ಕರೆಂಟ್ ಹೋಗಿ ಬರುವುದೂ ಹೆಚ್ಚಾಗಿ, ನಾನು ಎಲೆ ತೆಗೆಯುವಷ್ಟರಲ್ಲಿ ಅದು ಮತ್ತೆ ಮೂಡುತ್ತಿತ್ತು. ಬೆವರುಸಾಲೆ ತಿರುಗಿ ಬಂತು. ಕೂಸು ಮಲಗಲೊಲ್ಲದು, ಸವಿತಾಳ ಕಣ್ಣು ಒಳಗೆ ಹೋಗಿದ್ದವು. ಅವ್ವ ಹಿತ್ತಿಲಲ್ಲಿ ಕುಳಿತು ಶೆಗಡಿಗೆ ಕೆಂಡ ತುಂಬಿ ಬೀಸಣಿಗೆ ಬೀಸತೊಡಗಿದಳು. ಸವಿತಾ ನನ್ನ ಮೊಬೈಲನ್ನೇ ಇಸಿದುಕೊಂಡು ಗಂಡನಿಗೆ ಫೋನ್ ಮಾಡಿ, “ನಾಳಿಗಿ ಗಾಡಿ ತಗೊಂಡ ಬರ್ರಿ,” ಎಂದಳು. ಆಮೇಲೆ ನನ್ನ ಮುಖ ನೋಡಿ, “ಸಿಟ್ಟಿನಿಂದ ಹೊಂಟಿಲ್ಲಪಾ. ಕೂಸಿಗಿ ನಿದ್ದಿ ಇಲ್ಲ,” ಎಂದಳು ಮೆತ್ತಗೆ. ಸಿಟ್ಟಿನಿಂದ ಹೇಳಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ನಾನು ಇಷ್ಟು ದಿನ ಏನೇನಕ್ಕೋ ಅಂಜಿದ್ದೆ. ನಿಜವಾಗಿ ಅಂಜಿದ್ದು ಇದಕ್ಕೇ ಎಂದು ಆಗ ತಿಳಿಯಿತು. ತಡೆದವಳು ಅವ್ವ. “ನಾಳಿಗಿ ಅಮವಾಸಿ. ಬಾಣತಿ ಹೊಸ್ತಲಾ ದಾಟಂಗಿಲ್ಲ. ನಾಡದ ನೋಡೂನು,” ಎಂದಳು. ಅಮಾವಾಸ್ಯೆಯನ್ನು ನಾನು ಅಷ್ಟು ಪ್ರೀತಿಯಿಂದ ಎದುರುಗೊಂಡದ್ದು ಅದೇ ಮೊದಲು.

ಅಮಾವಾಸ್ಯೆಯ ದಿನ ನಮ್ಮಲ್ಲಿ ಹಳೆಯದನ್ನು ತೆಗೆದು ಹೊಸದು ಕಟ್ಟುವ ಕೆಲಸವಿರುತ್ತದೆ. ಬಾಗಿಲಿನ ಒಣಗಿದ ನಿಂಬೆಹಣ್ಣು ಮೆಣಸಿನಕಾಯಿ ಬಿಚ್ಚಿದರು, ಹೊಸದು ಕಟ್ಟಿದರು. ಕೂಸಿನ ಗಲ್ಲಕ್ಕೆ, ಅಂಗಾಲಿಗೆ ಹೊಸ ಕಾಡಿಗೆ ಬಂತು. ಆಮೇಲೆ ಅವ್ವ ಕೋಲೂರಿಕೊಂಡು ಕೋಣೆಗೆ ಬಂದು, “ಲೇ ಬಸು, ಎಸಿದ ಬೊಟ್ಟ ಹಳೇದಾತು. ಒರಸಿ ಹೊಸಾದ ಇಡು. ಹಳೇ ಬೊಟ್ಟ ಇಟ್ಕೊಂಡ ಕುಂತ್ರ ಅದಕ್ಕೂ ಛಲೋ ಅಲ್ಲ, ಮನಿಗೂ ಛಲೋ ಅಲ್ಲ,” ಎಂದಳು. ನಾಳೆ ಹೋಗುವ ಕೂಸಿನ ಕೋಣೆಗೆ ಯಾವ ಬೊಟ್ಟು ಎನ್ನಿಸಿತು. ಆದರೂ ಸ್ಟೂಲು ತಂದು ಹತ್ತಿದೆ. ಎಸಿ ಎಂದಿನಂತೆ ಎಲೆ ಹಾಕಿಕೊಂಡು ಸುಮ್ಮನಿತ್ತು. ಒದ್ದೆ ಬಟ್ಟೆಯಿಂದ ಆ ಮೂಲೆಯನ್ನು ಒರೆಸಿದೆ. ಹರಳೆಣ್ಣೆಯ ಕಾಡಿಗೆ, ಗಟ್ಟಿಯಾಗಿ ಹಿಡಿದುಕೊಂಡಿತ್ತು. ಉಜ್ಜಿ ಉಜ್ಜಿ ತೆಗೆದೆ. ಅದರ ಕೆಳಗಿನಿಂದ ಮಿಣ್ಣಗೆ ಹೊಳೆಯುವ ಕರಿಯ ಗಾಜಿನ ಬಿಲ್ಲೆಯೊಂದು ಹೊರಬಂತು.

ಎಸಿ ಗುರ್ರ್ ಎಂದಿತು. ಅದರ ರೆಕ್ಕೆ ನಿಧಾನವಾಗಿ ತಿರುಗಿ ನನ್ನ ಮುಖಕ್ಕೆ ಸರಿಯಾಗಿ ನಿಂತು ತಣ್ಣನೆಯ ಗಾಳಿ ಊದಿತು. ನಾನು ಸ್ಟೂಲಿನಿಂದ ಬೀಳುವುದೊಂದು ಬಾಕಿ. ಕಿಸೆಯಲ್ಲಿ ಮೊಬೈಲು ಸದ್ದು ಮಾಡಿತು. ‘ಕೋಣೆಯಲ್ಲಿ ಜನರು ಕಂಡುಬಂದಿದ್ದಾರೆ. ಉಳಿತಾಯ ನಿಲ್ಲಿಸಲಾಗಿದೆ.’

ಸ್ಟೂಲಿನ ಮೇಲೆ ನಿಂತಲ್ಲೇ ನನಗೆ ಎಲ್ಲ ತಿಳಿಯಿತು. ಬೊಟ್ಟು ಯಾರಿಗೂ ಕಾಣಬಾರದೆಂದು ಕರಿಯದರ ಮೇಲೆ ಕರಿಯದು ಇಟ್ಟ ಜಾಣ ನಾನು. ಇಡೀ ಮೈ ಬಿಳಿ ಇರುವ ಎಸಿಯಲ್ಲಿ ಒಂದೇ ಒಂದು ಕರಿಯ ಬಿಲ್ಲೆ ಏಕಿದೆ ಎಂದು ವಿಚಾರಿಸದೆ, ಸಿಕ್ಕಿತಲ್ಲ ಜಾಗ ಎಂದು ಸಂತೋಷಪಟ್ಟಿದ್ದೆ. ಅದು ಕೋಣೆಯಲ್ಲಿರುವ ಜನರನ್ನು ನೋಡುವ ಕಣ್ಣು. ಅದಕ್ಕೆ ದಪ್ಪಗೆ ಕಾಡಿಗೆ ಮೆತ್ತಿ, ಮೆತ್ತಿದ ಕೈಯನ್ನೇ ಅದರ ಮುಂದೆ ದಿನಾಲು ಬೀಸುತ್ತ ನಿಂತಿದ್ದೆ. ಪಾಪ, ಅದು ತನಗೆ ಕಂಡದ್ದನ್ನೇ ಹೇಳುತ್ತಿತ್ತು.

“ನೋಡಿದ್ಯಾ? ಹಳೇ ನೆದರ ಒರಸಿದ ಕೂಡ್ಲೆ ಹೆಂಗ ಎದ್ದತು,” ಎಂದಳು ಅವ್ವ ಕೆಳಗಿನಿಂದ.

“ಅಪ್ಪಾ, ಏನ ಮಾಡಿದ್ರಿ?” ಎಂದಳು ಸವಿತಾ.

“ಸ್ವಲ್ಪ ಧೂಳ ಕುಂತಿತ್ತು,” ಎಂದೆ.

“ಧೂಳ ಅಲ್ಲ,” ಎಂದಳು ಅವ್ವ.

ಅವಳನ್ನು ತಿದ್ದಬೇಕೆಂದರೆ ಬೊಟ್ಟನ್ನು ಎಲ್ಲಿ ಇಟ್ಟಿದ್ದೆ, ಏಕೆ ಅಲ್ಲಿ ಇಟ್ಟಿದ್ದೆ ಎಂದೆಲ್ಲ ಹೇಳಬೇಕಾಗುತ್ತಿತ್ತು. ಅವ್ವ ಕಾಡಿಗೆಯ ಡಬ್ಬಿಯನ್ನು ಮೇಲಕ್ಕೆ ಚಾಚಿದಳು. ನಾನು ಬೆರಳಿಗೆ ಕಾಡಿಗೆ ಹಚ್ಚಿಕೊಂಡು ನಿಂತೆ. ಇಡಲೂ ಅಂಜಿಕೆ, ಬಿಡಲೂ ಅಂಜಿಕೆ. ಕೆಳಗೆ ನೋಡಿದರೆ ಕೂಸು ತಣ್ಣನೆಯ ಗಾಳಿಗೆ ಮುಷ್ಟಿ ಬಿಚ್ಚಿ ನಿದ್ದೆ ಹೋಗುತ್ತಿತ್ತು. ನೆದರು ಎಂಬುದು ಇಲ್ಲವೆಂದು ನನಗೆ ಈಗಲೂ ಗೊತ್ತು. ಆದರೂ ಬೊಟ್ಟು ಇಡದೆ ಇಳಿಯಲು ಕಾಲು ಬರಲಿಲ್ಲ. ಆ ಹಾಲುಬಿಳುಪಿನ ನಟ್ಟನಡುವೆ, ಊರಿಗೆಲ್ಲ ಕಾಣುವಂತೆ, ರೂಪಾಯಿಯಗಲದ ಬೊಟ್ಟು ಇಟ್ಟು ಕೆಳಗೆ ಇಳಿದೆ.

ಸವಿತಾ ಮರುದಿನ ಹೋಗಲಿಲ್ಲ. ಗಾಡಿ ತಂದ ಸಂತೋಷ ಕೂಸಿನ ಪಕ್ಕದಲ್ಲಿ ತಾನೂ ಒಂದು ನಿದ್ದೆ ತೆಗೆದು, ಅಂಟಿನ ಉಂಡೆ ಕಟ್ಟಿಸಿಕೊಂಡು ಒಬ್ಬನೇ ತಿರುಗಿ ಹೋದ. ಎಸಿ ಮಾಡಿದ ಕೆಲಸದ ಸುದ್ದಿ ಅವ್ವನ ಬಾಯಿಂದ ಚಿಗವ್ವನಿಗೆ, ಚಿಗವ್ವನಿಂದ ಚಿಮ್ಮಡಕ್ಕೆ ಹೋಯಿತು. ಹೋಗುತ್ತ ಹೋಗುತ್ತ ಬಸು ಮಾಸ್ತರ ಮಷೀನಿನ ನೆದರು ತೆಗೆಯುತ್ತಾನೆ ಎಂದಾಯಿತು. ಹಿಂದಿನ ಓಣಿಯವರು ಒಂದು ದಿನ, “ಸರ, ನಮ್ಮ ಟಿವಿ ಹತ್ತವಲ್ದು. ಒಮ್ಮಿ ಬಂದ ಒರಸ್ತೀರೇನ್ರಿ?” ಎಂದು ಕರೆಯಲು ಬಂದರು. ಒಲ್ಲೆ ಎಂದರೆ ಏಕೆಂದು ಹೇಳಬೇಕಾದೀತೆಂಬ ಅಂಜಿಕೆಯಿಂದ ಹೋದೆ. ಒರೆಸಿದೆ. ಪ್ಲಗ್ಗು ಸಡಿಲಾಗಿತ್ತು, ಒತ್ತಿದೆ, ಟಿವಿ ಹತ್ತಿತು. ಅಲ್ಲಿಯೂ ಬಾಯಿ ಬಿಡಲಿಲ್ಲ.

ಐದು ತಿಂಗಳು ತುಂಬಿದವು. ಬಿಸಿಲು ಹೋಗಿ ಮಳೆ ಬಂದು, ಅದೂ ಹಿಂದೆ ಸರಿಯುವ ಹೊತ್ತಿಗೆ ಕೂಸಿನ ಕುತ್ತಿಗೆ ನಿಂತಿತು, ನಾನು ಎತ್ತಿಕೊಳ್ಳಲು ಕಲಿತೆ. ಸರಿಯಾಗಿ ಕಲಿಯುವಷ್ಟರಲ್ಲಿ ಸಂತೋಷ ಗಾಡಿ ತಂದ. ಅವ್ವ ಕೂಸಿನ ಹಣೆಗೆ ಭಂಡಾರ ಹಚ್ಚಿದಳು. ಸವಿತಾ “ಬರ್ತೇನಪಾ” ಎಂದಳು, ಕೂಸಿನ ಕೈ ಹಿಡಿದು ನನ್ನ ಕಡೆ ಅಲ್ಲಾಡಿಸಿದಳು. ಲೋಕಾಪುರವೇನು ದೂರವಲ್ಲ, ನೆನೆಸಿದಾಗ ಬಸ್ಸು ಹತ್ತಬಹುದು ಎಂದು ನಾನು ಎಲ್ಲರಿಗೂ ಧೈರ್ಯ ಹೇಳಿದೆ. ಯಾರಿಗೂ ಅದರ ಅಗತ್ಯ ಇದ್ದಂತೆ ಕಾಣಲಿಲ್ಲ.

ಮರುದಿನ ಕಸ್ತೂರಿ ಆ ಕೋಣೆಯಲ್ಲಿ ಎಸಿ ಹಚ್ಚಿಕೊಂಡು ಕೂಸಿಗೆ ಹೊದಿಸುತ್ತಿದ್ದ ದುಪಟಿಗಳನ್ನು ಮಡಿಸಿಟ್ಟು ಒಲೆಯ ಕಡೆ ಹೋಗಿದ್ದಳು. ನಾನು ಪಡಸಾಲೆಯಲ್ಲಿ ಪೇಪರು ಓದುತ್ತಿದ್ದೆ. ಕಿಸೆಯಲ್ಲಿ ಮೊಬೈಲು ಸದ್ದು ಮಾಡಿತು. ‘ಕೋಣೆಯಲ್ಲಿ ಯಾರೂ ಕಂಡುಬಂದಿಲ್ಲ.’ ಎದ್ದು ಓಡಿದೆ. ಬಾಗಿಲಿಗೆ ಹೋದ ಮೇಲೆ ಏಕೆ ಓಡಿದೆ ಎಂದು ಅರ್ಥವಾಗದೆ ನಿಂತೆ. ತೊಟ್ಟಿಲು ಬಿಚ್ಚಿದ ಕೊಂಡಿ ಜಂತಿಯಲ್ಲಿ ನೇತಾಡುತ್ತಿತ್ತು, ಲೋಬಾನದ ವಾಸನೆ ಗೋಡೆಗಳಲ್ಲಿ ಇನ್ನೂ ಇತ್ತು. ಈ ಸಲ ಎಸಿ ತಪ್ಪು ಹೇಳಿರಲಿಲ್ಲ. ಹೊರಸಿನ ಮೇಲೆ ಕುಳಿತೆ. ಕುಳಿತೇ ಇದ್ದೆ. ಹಸಿರು ಎಲೆ ಹೋಗಲಿಲ್ಲ. ಆಮೇಲೆ ನೆನಪಾಯಿತು, ಅಲುಗಾಡದಿದ್ದರೆ ಅದಕ್ಕೆ ತಿಳಿಯುವುದಿಲ್ಲ. ಮೆಲ್ಲಗೆ ಕೈ ಎತ್ತಿ ಬೀಸಿದೆ. ಎಲೆ ಮಾಯವಾಯಿತು, ರೆಕ್ಕೆ ನನ್ನ ಕಡೆ ತಿರುಗಿತು.

“ಯಾರಿಗಿ ಟಾಟಾ ಮಾಡಾಕತ್ತೀರಿ?” ಎಂದಳು ಕಸ್ತೂರಿ ಬಾಗಿಲಿನಿಂದ.

“ಯಾರಿಗೂ ಇಲ್ಲ.”

ಅವಳು ಕೊಂಡಿಯನ್ನು ನೋಡಿದಳು, ನನ್ನನ್ನು ನೋಡಿದಳು. “ಈಗರೆ ಆ ಎಲಿ ಹಚ್ಚಿಡ್ರಿ. ಸುಮ್ನ ಕರೆಂಟ್ ಯಾಕ ಸುಡಬೇಕು?” ಎಂದಳು.

“ಅದನ್ನ ತಗಿಯೂದಷ್ಟ ಕಲ್ತೇನಿ. ಹಚ್ಚೂದು ಬರೂದಿಲ್ಲ,” ಎಂದೆ.

ಸುಳ್ಳು ಹೇಳಿದ್ದೆ. ಅದನ್ನು ಹಚ್ಚಲು ನಾನು ಬೇಕಾಗಿಯೇ ಇಲ್ಲ. ಕೋಣೆಯಲ್ಲಿ ಯಾರೂ ಅಲುಗಾಡದಿದ್ದರೆ ಸಾಕು, ತಾನಾಗಿ ಬರುತ್ತದೆ. ಹಾಗಾಗಿ ದಿನಕ್ಕೊಂದು ಸಲ ಆ ಕೋಣೆಗೆ ಹೋಗಿ, ನಾನು ಇದ್ದೇನೆಂದು ಎಸಿಗೆ ತಿಳಿಸಿ ಬರುತ್ತೇನೆ. ಕೈ ಬೀಸುವಾಗಲೇ ಕರೆಂಟ್ ಹೋಗಿ ಅದಕ್ಕೆ ಕಾಣದೇ ಹೋದೇನೋ ಎಂಬ ಅಂಜಿಕೆಯೊಂದು ಈಗ ಹೊಸದಾಗಿ ಶುರುವಾಗಿದೆ.